ಎರಡು ಪಂಚಾಂಗ, ಒಂದು ಲೈಸೆನ್ಸು

ಊರಿಗೆಲ್ಲ ಬುದ್ಧಿ ಹೇಳುವುದಕ್ಕೆ ತಿಂಗಳ ಸಂಬಳ ಕೊಡುವ ಉದ್ಯೋಗಗಳು ಲೋಕದಲ್ಲಿ ಹೆಚ್ಚಿಲ್ಲ. ಮೇಷ್ಟರಿಗೆ ಅಂಥದ್ದೊಂದು ಇದೆ, ಇನ್ನೊಂದು ನನಗಿತ್ತು. ಮದರಾಸಿನ ಒಂದು ವಿಮಾ ಕಚೇರಿಯ ಮೋಟಾರು ವಿಭಾಗದಲ್ಲಿ ಕುಳಿತು, ಎದುರಿಗೆ ಬಂದವರಿಗೆ ‘ವಿಮೆಯಿಲ್ಲದ ಗಾಡಿಯನ್ನು ಗೇಟಿನಿಂದ ಆಚೆ ತರಬೇಡಿ’ ಎಂದು ಹೇಳುವುದು ನನ್ನ ಕೆಲಸ. ಹಾಗೆ ಹೇಳುವುದರಲ್ಲಿ ನನಗೆ ಒಂದು ಬಗೆಯ ಸುಖವೂ ಇತ್ತು. ಯಾರಾದರೂ ‘ಸ್ವಲ್ಪ ತಡವಾಯಿತು ಸಾರ್, ಅಷ್ಟೇ ತಾನೆ’ ಎಂದರೆ ಸಾಕು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಾಯಿದೆ ಏನು ಹೇಳುತ್ತದೆ, ಪೊಲೀಸರು ಏನು ಮಾಡಬಹುದು, ಮ್ಯಾಜಿಸ್ಟ್ರೇಟರಿಗೆ ಮನಸ್ಸು ಬಂದರೆ ದಂಡದ ಜೊತೆಗೆ ಲೈಸೆನ್ಸನ್ನೂ ಹೇಗೆ ಅಮಾನತಿನಲ್ಲಿಡಬಹುದು ಎಂಬುದನ್ನೆಲ್ಲ ನಿಧಾನವಾಗಿ ವಿವರಿಸುತ್ತಿದ್ದೆ. ಕೇಳಿದವರು ಬೆವರು ಒರೆಸಿಕೊಳ್ಳುತ್ತಿದ್ದರು. ಮದರಾಸಿನಲ್ಲಿ ಅವರು ಹೇಗೂ ಬೆವರುತ್ತಿದ್ದರು ಎನ್ನುವುದು ನನಗೆ ಬಹಳ ಕಾಲ ಹೊಳೆದಿರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಲು ಪ್ರಯತ್ನಿಸಿದ್ದು ನಿಜ. ವರ್ಗವಾಗಿ ಹೋಗುತ್ತಿದ್ದ ಮೇಲಧಿಕಾರಿಯೊಬ್ಬರು ತಮ್ಮ ಹಳೆಯ ಫಿಯಟ್ಟನ್ನು ನನ್ನ ಕೊರಳಿಗೆ ಕಟ್ಟಿದಾಗ, ಪುರಸೈವಾಕ್ಕದ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಆದರೆ ದಿನವಿಡೀ ಅಪಘಾತದ ಫೈಲು ಓದುವವನಿಗೆ ರಸ್ತೆ ಬರೀ ರಸ್ತೆಯಾಗಿ ಕಾಣುವುದಿಲ್ಲ. ಈ ತಿರುವಿನಲ್ಲಿ ಹಾಲಿನ ವ್ಯಾನು ಸ್ಕೂಟರಿಗೆ ಗುದ್ದಿದ್ದು, ಆ ಮರಕ್ಕೆ ಯಾರೋ ಡಾಕ್ಟರರ ಅಂಬಾಸಡರ್ ಹೋಗಿ ಒರಗಿದ್ದು, ಎಲ್ಲ ಒಂದೊಂದಾಗಿ ನೆನಪಾಗುತ್ತಿತ್ತು. ನೆನಪಾದಲ್ಲೆಲ್ಲ ಬ್ರೇಕು ಒತ್ತುತ್ತಿದ್ದೆ. ಕಲಿಸುವಾತ ತಲೆ ಚಚ್ಚಿಕೊಂಡು, “ಎದುಕ್ಕು ಸಾರ್ ಬ್ರೇಕು? ರೋಡು ಕಾಲಿಯಾ ಇರುಕ್ಕೇ!” ಎನ್ನುತ್ತಿದ್ದ. ರೋಡು ಖಾಲಿಯಿರುವಾಗಲೇ ಅತಿ ಹೆಚ್ಚು ಅಪಘಾತಗಳಾಗುತ್ತವೆ ಎಂದು ನಾನು ಅವನಿಗೆ ತಿಳಿಹೇಳಿದೆ. ಆಮೇಲೆ ಅವನು ನನಗೆ ಕಲಿಸುವುದನ್ನು ಬಿಟ್ಟು, ನನ್ನ ಧೈರ್ಯಕ್ಕೆಂದು ಹಿಂದಿನ ಸೀಟಿನಲ್ಲಿ ಬಂದು ಕೂರುತ್ತಿದ್ದ ನನ್ನ ಹೆಂಡತಿ ಸುಮಿತ್ರಾಳಿಗೆ ಕಲಿಸತೊಡಗಿದ. ಮೊದಲ ಪರೀಕ್ಷೆಯಲ್ಲೇ ಅವಳಿಗೆ ಲೈಸೆನ್ಸು ಸಿಕ್ಕಿತು.

ಆ ಲೈಸೆನ್ಸು ಅವಳಿಗೆ ಏನಾಗಿತ್ತು ಎನ್ನುವುದನ್ನು ನಾನು ತಮಾಷೆ ಮಾಡದೆ ಹೇಳಬೇಕು. ಹಾಸನದಿಂದ ಮದುವೆಯಾಗಿ ಬಂದಾಗ ಅವಳಿಗೆ ತಮಿಳಿನ ಒಂದಕ್ಷರ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಲಾಗದೆ, ಕೀಲ್ಪಾಕಿನ ನಮ್ಮ ಬೀದಿಯ ತುದಿಯವರೆಗೆ ಹೋಗಿ ವಾಪಸು ಬಂದುಬಿಡುತ್ತಿದ್ದಳು. ಕಾರು ಕೈಗೆ ಬಂದ ಮೇಲೆ, ಅಡ್ಡ ಬಂದ ಸೈಕಲ್ ರಿಕ್ಷಾದವರ ಜೊತೆ ಜಗಳವಾಡುತ್ತಾ ಆಡುತ್ತಾ ತಮಿಳು ಕಲಿತಳು. ಊರೂ ಅವಳದಾಯಿತು. ಲೈಸೆನ್ಸಿನ ಆ ಪುಟ್ಟ ಪುಸ್ತಕವನ್ನು ಅವಳು ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕದಲ್ಲಿ ಇಡುತ್ತಿದ್ದಳು. ನಮ್ಮ ಜೊತೆಗಿದ್ದ ನನ್ನ ಅಮ್ಮನೂ ಆಕ್ಷೇಪಿಸುತ್ತಿರಲಿಲ್ಲ, ಏಕೆಂದರೆ ಕಪಾಲೀಶ್ವರನ ಗುಡಿಗೆ ಅಮ್ಮನನ್ನು ಕರೆದೊಯ್ಯುವುದು ಅದೇ ಪುಸ್ತಕವಾಗಿತ್ತು.

ಇನ್ನು ಅಮ್ಮನ ವಿಷಯ. ನಮ್ಮ ಮನೆಯ ಗೋಡೆಯಲ್ಲಿ ಎರಡು ಪಂಚಾಂಗಗಳು ನೇತಾಡುತ್ತಿದ್ದವು. ಒಂದು ಮೈಸೂರಿನಿಂದ ಸೋದರಮಾವ ಕಳಿಸುತ್ತಿದ್ದದ್ದು, ಇನ್ನೊಂದು ದಿನಸಿ ಅಂಗಡಿಯವನು ಕೊಟ್ಟ ತಮಿಳು ಕ್ಯಾಲೆಂಡರು. ಅಮ್ಮನಿಗೆ ಎರಡೂ ಬೇಕು. ಯಾವ ಊರಿನ ನೀರು ಕುಡಿಯುತ್ತೇವೋ ಆ ಊರಿನ ದೋಷವೂ ನಮಗೆ ತಟ್ಟುತ್ತದೆ ಎನ್ನುವುದು ಅವರ ನಂಬಿಕೆ. ಹೀಗಾಗಿ ಒಳ್ಳೆಯ ದಿನಗಳು ನಮ್ಮ ಮನೆಯಲ್ಲಿ ಉಳಿದವರಿಗಿಂತ ಕಡಿಮೆ. ಅದರಲ್ಲೂ ಆಷಾಢ ಬಂದರೆ ಕಷ್ಟ. ನಮ್ಮ ಆಷಾಢ ಅಮಾವಾಸ್ಯೆಯ ಲೆಕ್ಕದ್ದು, ತಮಿಳರ ಆಡಿ ಮಾಸ ಸೂರ್ಯನ ಲೆಕ್ಕದ್ದು. ನಮ್ಮದು ಮುಗಿಯುವ ಮೊದಲೇ ಅವರದು ಶುರುವಾಗುತ್ತದೆ. ನಮ್ಮ ಶ್ರಾವಣ ಬಂದು ಕೂತ ಮೇಲೂ ಅವರದು ಮುಂದುವರಿಯುತ್ತದೆ. ಎರಡರಲ್ಲೂ ಹೊಸ ಕೆಲಸ ಕೂಡದು.

ಆ ವರ್ಷ ನಮ್ಮ ಫಿಯಟ್ಟಿನ ವಿಮೆ ಸರಿಯಾಗಿ ಆಷಾಢದ ಆರಂಭದಲ್ಲಿ ಮುಗಿಯಿತು. ನಾನು ಚೆಕ್ಕು ಬರೆಯಲು ಪೆನ್ನು ತೆಗೆದೆ.

“ಆಷಾಢದಲ್ಲಿ ಹೊಸ ಕಾಗದಕ್ಕೆ ರುಜು ಹಾಕ್ತಾರೇನೋ? ಶ್ರಾವಣ ಬರ್ಲಿ, ತಡ್ಕೊ,” ಎಂದರು ಅಮ್ಮ.

“ಇದು ಹೊಸದಲ್ಲಮ್ಮ, ಹಳೇ ಪಾಲಿಸೀನೇ ಮುಂದುವರಿಸೋದು.”

“ಹಳೇದಾದ್ರೆ ಮತ್ತೆ ಯಾಕೋ ದುಡ್ಡು ಕೊಡ್ತೀಯ?”

ಮೋಟಾರು ವಿಭಾಗದಲ್ಲಿ ಇಷ್ಟು ವರ್ಷ ಕುಳಿತರೂ ಈ ಪ್ರಶ್ನೆಯನ್ನು ಯಾವ ಗಿರಾಕಿಯೂ ನನಗೆ ಕೇಳಿರಲಿಲ್ಲ. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಕಾರಿಗೆ ಹೊದಿಕೆ ಹೊದಿಸಿ, ವಿಮೆ ಕಟ್ಟುವವರೆಗೆ ಯಾರೂ ಗೇಟು ದಾಟಿಸಬಾರದು ಎಂದು ಆಜ್ಞೆ ಮಾಡಿದೆ. ಸುಮಿತ್ರಾ ದಿನಾ ಬೆಳಿಗ್ಗೆ ಹೊದಿಕೆ ಸರಿಸಿ, ಎಂಜಿನ್ ಚಾಲೂ ಮಾಡಿ, ನನ್ನ ಮುಖ ನೋಡಿ, ಆರಿಸಿ ಬರುತ್ತಿದ್ದಳು.

ಶ್ರಾವಣವೂ ಬಂತು. ಮತ್ತೆ ಪೆನ್ನು ತೆಗೆದೆ. ಅಷ್ಟರಲ್ಲಿ ಕೆಳಗಿನ ಮನೆಯಿಂದ ನಮ್ಮ ಮನೆಯೊಡತಿ ಕಮಲಾ ಮಾಮಿ ಕರಿಬೇವು ಕೊಡಲು ಮೇಲೆ ಬಂದರು. ಅಮ್ಮ ಅವರನ್ನು ಒಂದು ಮಾತು ಕೇಳಿದರು. ಮಾಮಿ ಕೆನ್ನೆಗೆ ಕೈ ಹಚ್ಚಿ, “ಅಯ್ಯೋ, ಆಡಿ ಇನ್ನುಂ ಮುಡಿಯಲಿಯೇ!” ಎಂದರು. ಆಡಿ ಇನ್ನೂ ಮುಗಿದಿಲ್ಲವಂತೆ. ಅಲ್ಲಿಗೆ ಪೆನ್ನಿಗೆ ಮತ್ತೆ ಮುಚ್ಚಳ. ಅದೇ ಸಂಜೆ ಅಮ್ಮ ಮತ್ತು ಮಾಮಿ ಇಬ್ಬರೂ ಆಡಿಯ ರಿಯಾಯಿತಿಯಲ್ಲಿ ಸೀರೆ ಕೊಳ್ಳಲು ಪುರಸೈವಾಕ್ಕಕ್ಕೆ ಬಸ್ಸಿನಲ್ಲಿ ಹೋಗಿಬಂದರು. ಸೀರೆಗೆ ದೋಷವಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಅಮ್ಮ, “ಸೀರೆ ಉಡೋದು, ಅದಕ್ಕೆ ರುಜು ಹಾಕ್ತಾರೇನೋ?” ಎಂದರು.

ಆದರೆ ಹುಟ್ಟುವ ಮಗು ಯಾವ ಪಂಚಾಂಗವನ್ನೂ ನೋಡುವುದಿಲ್ಲ. ಮಾಮಿಯ ಮಗಳು ಉಷಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ, ಊರಿನ ಆಟೋದವರೆಲ್ಲ ಮುಷ್ಕರ ಹೂಡಿದ ದಿನವೇ ಅವಳಿಗೆ ನೋವು ಶುರುವಾಯಿತು. ಮಾಮಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. ನಾನು ಅರ್ಧ ಕ್ಷೌರದ ಮುಖದಲ್ಲಿ ಕೆಳಗಿಳಿದೆ. ಸುಮಿತ್ರಾ ಆಗಲೇ ಕಾರಿನ ಹೊದಿಕೆ ಎಳೆದು ಹಾಕಿ, ಕೀಲಿ ಹಿಡಿದು ನಿಂತಿದ್ದಳು.

“ಏನ್ರೀ, ತೆಗೀಲಾ?” ಎಂದಳು.

ನಾನು ಬಾಯಿ ತೆರೆದೆ. ಕಾಯಿದೆಯೆಲ್ಲ ನಾಲಿಗೆಯ ತುದಿಗೆ ಬಂತು. ಕಂಬ ಹಿಡಿದು ನಿಂತಿದ್ದ ಉಷಾಳ ಮುಖ ನೋಡಿ ಅದನ್ನೆಲ್ಲ ನುಂಗಿಕೊಂಡೆ. ಹೋಗಿ ಗೇಟು ತೆಗೆದವನೂ ನಾನೇ.

ಉಷಾಳನ್ನು ಕ್ಷೇಮವಾಗಿ ಕೀಲ್ಪಾಕಿನ ಆಸ್ಪತ್ರೆ ಮುಟ್ಟಿಸಿ, ಮಾಮಿಯನ್ನೂ ಅಲ್ಲಿಯೇ ಬಿಟ್ಟು ಸುಮಿತ್ರಾ ಒಬ್ಬಳೇ ವಾಪಸು ಬರುವಾಗ ಚೌಕದಲ್ಲಿ ಪೊಲೀಸಿನವರು ಕಾಗದ ಪತ್ರ ತಪಾಸಣೆ ಮಾಡುತ್ತಿದ್ದರು. ವಿಮೆ ಮುಗಿದಿರುವುದನ್ನು ನೋಡಿ, ಅವಳ ಲೈಸೆನ್ಸು ಇಟ್ಟುಕೊಂಡು ಕೋರ್ಟಿನ ದಿನದವರೆಗೆ ಓಡಿಸಲು ಇದೇ ಸಾಕೆಂದು ಒಂದು ಚೀಟಿ ಕೊಟ್ಟು, ಕೋರ್ಟಿಗೆ ಬರಲು ಹೇಳಿದರು.  ಮನೆಗೆ ಬಂದವಳು ದೇವರ ಗೂಡಿನಲ್ಲಿ ಆ ಚೀಟಿಯನ್ನು ಕುಂಕುಮದ ಬಟ್ಟಲಿನ ಪಕ್ಕದಲ್ಲಿಟ್ಟಳು.  ಈಗ ರಾಹುಕಾಲವೆಂದು ಅಮ್ಮ ಕೂಗುತ್ತಿದ್ದಂತೆಯೇ ನಾನು ಓಡಿ ಹೋಗಿ ಪ್ರೀಮಿಯಂ ಕಟ್ಟಿ ಬಂದೆ. ಆದರೆ ಕಳೆದ ಬೆಳಗಿಗೆ ವಿಮೆ ಮಾಡಿಸಲು ಬರುವುದಿಲ್ಲವೆಂದು ಎಷ್ಟೋ ಜನಕ್ಕೆ ಹೇಳಿದವನು ನಾನೇ. ಲೈಸೆನ್ಸು ಅಮಾನತಾದರೆ ಅವಳು ಮತ್ತೆ ಬೀದಿಯ ತುದಿಯಿಂದ ವಾಪಸು ಬರುವ ಹೆಂಗಸಾಗುತ್ತಾಳಲ್ಲ ಎಂಬ ಯೋಚನೆಯಲ್ಲಿ ಕೋರ್ಟಿನ ದಿನದವರೆಗೆ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಮ್ಯಾಜಿಸ್ಟ್ರೇಟರು ವಯಸ್ಸಾದವರು, ಶಾಂತ ಸ್ವಭಾವದವರು. ವಿಮೆ ಇಲ್ಲವೆಂದು ಗೊತ್ತಿದ್ದೂ ಗಾಡಿ ತೆಗೆದಿರಾ ಎಂದು ಸುಮಿತ್ರಾಳನ್ನು ಕೇಳಿದರು. ಅವಳು ತನ್ನ ಜಗಳದ ತಮಿಳಿನಲ್ಲಿ, ಗೊತ್ತಿತ್ತು, ಆದರೆ ಆ ಹುಡುಗಿ ನೋವು ತಿನ್ನುತ್ತಿದ್ದಳು, ನಾಳೆ ಅಂಥದ್ದೇ ಬಂದರೂ ತೆಗೆಯುತ್ತೇನೆ ಎಂದುಬಿಟ್ಟಳು. 

“ಗಾಡಿ ಯಾರದು?”

ನಾನು ಮುಂದೆ ಹೋಗಿ ನಿಂತೆ. ವಿಮೆ ಏಕೆ ಕಟ್ಟಲಿಲ್ಲ ಎಂದು ಕೇಳಿದರು. ಚಂದ್ರಮಾನ ಸೌರಮಾನಗಳ ವ್ಯತ್ಯಾಸವನ್ನು ನನಗೆ ತಿಳಿದ ತಮಿಳಿನಲ್ಲಿ ಅಮ್ಮನ ಹೆಸರು ಬಾರದಂತೆ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, ಎಲ್ಲಿ ಕೆಲಸ ಎಂದರು. ಮೆಲ್ಲಗೆ ಹೇಳಿದೆ. ಜೋರಾಗಿ ಹೇಳಿ ಎಂದರು. ಜೋರಾಗಿ ಹೇಳಿದೆ. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು, ಬಾಗಿಲಲ್ಲಿದ್ದ ಜವಾನನೂ ನಕ್ಕ.

ನಗು ಇಳಿಯುವವರೆಗೆ ಕಾದು ಅವರು ತಮಿಳಿನಲ್ಲಿ ಗಂಭೀರವಾಗಿ ಕೇಳಿದರು: “ಆಡಿಯಲ್ಲಿ ಪ್ರೀಮಿಯಂ ಕಟ್ಟಬಾರದು, ಸರಿ. ಇವತ್ತೂ ಆಡಿಯೇ. ದಂಡ ಕಟ್ಟಬಹುದೋ?”

ಕಟ್ಟಬಹುದು ಎಂದೆ. ಗಾಡಿ ಹೊರಗೆ ಬಿಟ್ಟ ಮಾಲೀಕನೆಂದು ದಂಡವನ್ನು ನನಗೇ ಹಾಕಿದರು. ಸುಮಿತ್ರಾಳಿಗೆ ಬರೀ ಎಚ್ಚರಿಕೆ ಕೊಟ್ಟು, ಅವಳ ಲೈಸೆನ್ಸನ್ನು ವಾಪಸು ಕೊಡಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಯಮ ತಿಳಿದೂ ಹೀಗೆ ಮಾಡಿದ್ದಕ್ಕೆ ಅಮಾನತಿನಲ್ಲಿಡಬೇಕಾದದ್ದು ನಿಮ್ಮ ಲೈಸೆನ್ಸು. ಕೊಡಿ ನೋಡೋಣ,” ಎಂದರು.

“ನನ್ನ ಹತ್ತಿರ ಲೈಸೆನ್ಸೇ ಇಲ್ಲ ಸಾರ್. ನನಗೆ ಓಡಿಸಲು ಬರುವುದಿಲ್ಲ.”

ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನನ್ನನ್ನು ಕೆಲಹೊತ್ತು ನೋಡಿದರು. ಕಸಿದುಕೊಳ್ಳಲು ನನ್ನಲ್ಲಿ ಏನೂ ಇಲ್ಲವೆಂದು ಖಚಿತವಾದ ಮೇಲೆ ಸುಮಿತ್ರಾಳಿಗೆ, “ಇವರನ್ನ ಜಾಗ್ರತೆಯಾಗಿ ಮನೆಗೆ ಕರೆದುಕೊಂಡು ಹೋಗಮ್ಮಾ,” ಎಂದು ಮುಂದಿನ ಕೇಸು ಕರೆಸಿದರು.

ಹೊರಗೆ ಬಂದು ಕಾರಿನಲ್ಲಿ ಕೂತೆವು. ಸುಮಿತ್ರಾ ಲೈಸೆನ್ಸನ್ನು ಒಮ್ಮೆ ಬಿಚ್ಚಿ ತನ್ನ ಫೋಟೋ ನೋಡಿಕೊಂಡು, ಬ್ಯಾಗಿಗೆ ಹಾಕಿ, ಜಿಪ್ಪು ಎಳೆದಳು. ಇನ್ನು ಮುಂದೆ ವಿಮೆಯ ವಿಷಯದಲ್ಲಿ ನಾವು ಎಷ್ಟು ಎಚ್ಚರದಿಂದಿರಬೇಕು ಎಂದು ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಅವಳು ಎಂಜಿನ್ ಚಾಲೂ ಮಾಡಿದವಳು ನನ್ನ ಕಡೆ ನೋಡದೆಯೇ, “ರೀ, ಮೊದ್ಲು ನಿಮ್ಮ ಕಡೆ ಬಾಗಿಲು ಸರಿಯಾಗಿ ಹಾಕಿ,” ಎಂದಳು.

ತೆಗೆದು ಮತ್ತೆ ಹಾಕಿದೆ.