ಸಾಯಬಣ್ಣನ ಸ್ವಂತ ಹೊಲ

ನೀಲಾಬಾಯಿಯ ತವರಿನಲ್ಲಿ ಹೊಲವಿತ್ತು. ಸಾಯಬಣ್ಣನ ನಲವತ್ತು ವರ್ಷದ ಸಂಸಾರದ ಸಂಕಟವನ್ನೆಲ್ಲ ಹಿಂಡಿ ಸೋಸಿದರೆ ಕಡೆಗೆ ಉಳಿಯುವುದು ಈ ಒಂದೇ ವಾಕ್ಯ. ಸೊಲ್ಲಾಪುರದ ಪೇಟೆಯಲ್ಲಿ ಅವನದು ಅಜ್ಜನ ಕಾಲದ ಬಟ್ಟೆ ಅಂಗಡಿ, ಓಣಿಯಲ್ಲಿ ಎರಡಂತಸ್ತಿನ ಮನೆ. ಆದರೇನು, ನೀಲಾಬಾಯಿಯ ದೃಷ್ಟಿಯಲ್ಲಿ ಹೊಲವಿಲ್ಲದ ಗಂಡಸು ಎಷ್ಟೇ ದೊಡ್ಡ ಮನೆ ಕಟ್ಟಿಸಿದರೂ ಬಾಡಿಗೆಗೆ ಇದ್ದವನ ಹಾಗೆಯೇ.

ಪ್ರತಿ ಎಳ್ಳಮಾವಾಸ್ಯೆಗೆ ಇಬ್ಬರೂ ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟೆಗೆ, ಅಲ್ಲಿಂದ ಅವಳ ತವರು ನಾಗಣಸೂರಕ್ಕೆ ಹೋಗಬೇಕು. ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಭೂತಾಯಿಗೆ ಚರಗ ಚೆಲ್ಲಿ, ಎಂದರೆ ನಾಲ್ಕೂ ಮೂಲೆಗೆ ಅಡುಗೆಯ ಎಡೆ ಎರಚಿ, ಆಮೇಲೆ ಬಂದವರೆಲ್ಲ ಕೂತು ಉಣ್ಣುವ ಹಬ್ಬ ಅದು. ಮದುವೆಯಾದ ಹೊಸದರಲ್ಲಿ, ಕೈಕಟ್ಟಿ ಕೂತರೆ ಚೆನ್ನಾಗಿರುವುದಿಲ್ಲವೆಂದು, ಅಳಿಯದೇವರು ಸ್ವಪ್ರೇರಣೆಯಿಂದ ಕಳೆ ಕೀಳಲು ಹೊಲಕ್ಕಿಳಿದಿದ್ದರು. ಮುಳ್ಳುಮುಳ್ಳಾಗಿ ಕಂಡದ್ದನ್ನೆಲ್ಲ ಕಿತ್ತು ಬದುವಿಗೆ ಒಗೆದರು. ಅದು ಕಳೆಯಲ್ಲ, ಎಣ್ಣೆಕಾಳಿನ ಕುಸುಬಿಯ ಸಾಲು. ನೀಲಾಬಾಯಿಯ ತಮ್ಮ ಹಣಮಂತಪ್ಪ ಅಂದಿನಿಂದ ಇಂದಿನವರೆಗೆ ಪ್ರತಿವರ್ಷ ಆ ಕಥೆಯನ್ನು ಊಟಕ್ಕೆ ಬಂದವರಿಗೆ ಬಡಿಸುತ್ತ ಬಂದಿದ್ದಾನೆ. (ಮೊದಲು ಒಂದು ಸಾಲು ಇದ್ದದ್ದು ಈಚೆಗೆ ಅರ್ಧ ಎಕರೆಗೆ ಬಂದಿದೆ.) ಎಲ್ಲರೂ ನಗುತ್ತಾರೆ. ಎಲ್ಲರಿಗಿಂತ ಮೊದಲು ಶುರುಮಾಡಿ ಎಲ್ಲರಿಗಿಂತ ಕಡೆಗೆ ನಿಲ್ಲಿಸುವವಳು ನೀಲಾಬಾಯಿ. ಸಾಯಬಣ್ಣನಿಗೆ ನೋವಾಗುತ್ತಿದ್ದದ್ದು ಆ ನಗುವಿಗೆ. ಭಾವಮೈದುನ ನಕ್ಕರೆ ನಗಲಿ, ಹೆಂಡತಿಯಾದರೂ ಒಂದು ವರ್ಷ ಸುಮ್ಮನಿರಬಾರದೇ ಎಂದು ಅವನಿಗೆ ಅನಿಸುತ್ತಿತ್ತು.

ಹೋದ ವರ್ಷದ ದೀಪಾವಳಿಗೆ ಮಗ ಯೋಗಿರಾಜ ಅಂಗಡಿಯ ಕೀಲಿಕೈ ಇಸಿದುಕೊಂಡು, “ಬಾಬಾ, ಆತಾ ಆರಾಮ ಕರಾ” ಎಂದ. ಮರಾಠಿಯಲ್ಲಿ ಇದರ ಅರ್ಥ ಇನ್ನು ವಿಶ್ರಾಂತಿ ತಗೊಳ್ಳಿ ಎಂದು. ವ್ಯಾಪಾರಸ್ಥರ ಮನೆಯಲ್ಲಿ ಇದರ ಅರ್ಥ ಹಣದ ಗಲ್ಲೆಯ ಹತ್ತಿರ ಸುಳಿಯಬೇಡಿ ಎಂದು. ಮನೆಯಲ್ಲಿ ಕೂತರೆ ನೀಲಾಬಾಯಿ ಕಾಲೆತ್ತಿರಿ ಎನ್ನುತ್ತಾಳೆ, ಕಸ ಹೊಡೆಯಬೇಕು. ಕಟ್ಟೆಗೆ ಕೂತರೆ ಸೊಸೆ ಪೂನಮ ಸರಿಯಿರಿ ಎನ್ನುತ್ತಾಳೆ, ರಂಗೋಲಿ ಹಾಕಬೇಕು. ಹೀಗೆ ಎತ್ತಿದ ಕಾಲು ಇಡಲು ಜಾಗವಿಲ್ಲದೆ ಇದ್ದಾಗಲೇ ಅವನ ಕಣ್ಣು ಪಕ್ಕದ ಪ್ಲಾಟಿನ ಮೇಲೆ ಬಿತ್ತು.

ಮನೆಗೆ ಹತ್ತಿಕೊಂಡೇ ಇದ್ದ ಆ ಜಾಗದಲ್ಲಿ ಜಾಲಿಕಂಟಿ ಆಳೆತ್ತರ ಬೆಳೆದಿತ್ತು, ನಡುವೆ ಒಂದು ಹಳೆಯ ಪತ್ರಿ ಗಿಡ, ಎಂದರೆ ಬಿಲ್ವ. ಮಾಲಕ ಯಾರೆಂದು ಓಣಿಗೆ ಗೊತ್ತಿಲ್ಲ. ಸಾಯಬಣ್ಣ ಮನೆಮನೆಗೆ ಹೋಗಿ ಕೇಳಿದ. ಮಂಗಳವೇಢೆಯ ಯಾವನೋ ಸಾವಕಾರನದು ಎಂದರು, ಕೋರ್ಟಿನಲ್ಲಿದೆ ಎಂದರು, ಮಾಲಕ ದುಬೈಯಲ್ಲಿದ್ದಾನೆ ಎಂದರು. ಯಾರದಾದರೂ ಇರಲಿ, ಕಸ ಚೆಲ್ಲಲು ಅಡ್ಡಿಯಿಲ್ಲ ಎಂಬ ಒಂದು ವಿಷಯದಲ್ಲಿ ಮಾತ್ರ ಓಣಿಯಲ್ಲಿ ಪೂರ್ತಿ ಒಮ್ಮತವಿತ್ತು.

ಅವನು ಗುದ್ದಲಿ ಕೊಂಡು ತಂದ ದಿನ ನೀಲಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

“ಯಾರ ಜಾಗಾ ಅಂತ ಗೊತ್ತಿಲ್ದ ಅಗ್ಯಾಕ ಹೊಂಟೀರಲ್ಲ, ನಾಳಿ ಮಾಲಕ ಬಂದು ಕಾಲರ್ ಹಿಡದ್ರ ಏನ ಮಾಡ್ತೀರಿ?”

“ಬರಲಿ. ಒಂದ ಚೀಲ ಬದನಿಕಾಯಿ ಕೊಟ್ಟು ಕಳಸ್ತೀನಿ.”

“ಬದನಿಕಾಯಿ ಬಂದ್ರ ಅಲ್ಲೇನ್ರಿ ಕೊಡೂದು. ನಿಮ್ಮ ಕೈಯಾಗ ತುಳಸಿನೂ ಒಣಗೇತಿ.”

“ಆ ತುಳಸಿಗೆ ನೀ ಚಾಪುಡಿ ಹಾಕ್ತಿದ್ದಿ.”

“ಹೂಂ, ಇಷ್ಟ ವರ್ಷ ನಾನೇ ಸಾಯಿಸೀನಿ ಎಲ್ಲಾನೂ” ಎಂದು ನೀಲಾಬಾಯಿ ಒಳಗೆ ಹೋದಳು. ಇದನ್ನು ಸಾಯಬಣ್ಣ ಅಪ್ಪಣೆ ಎಂದು ತಿಳಿದುಕೊಂಡ.

ಮಳೆಗಾಲದ ಹೊತ್ತಿಗೆ ಜಾಲಿಯೆಲ್ಲ ಹೋಗಿ ನೆಲ ಕಂಡಿತು. ಸೊಂಟ ಎರಡು ಸಲ ಹಿಡಿಯಿತು, ಅಂಗೈಯಲ್ಲಿ ಬೊಕ್ಕೆ ಬಂದವು, ಆದರೂ ನಮ್ಮ ಕೃಷಿಕುಲತಿಲಕ ಹಿಂಜರಿಯಲಿಲ್ಲ. ಪತ್ರಿ ಗಿಡದ ಕೆಳಗೆ ಮಣ್ಣಿನಲ್ಲಿ ಅರ್ಧ ಹೂತಿದ್ದ ಒಂದು ಚೌಕ ಕಲ್ಲು ಸಿಕ್ಕಿತು. ಅದನ್ನು ಎಬ್ಬಿಸಿ ನೆರಳಿಗೆ ಇಟ್ಟು, ಕೂತು ಚಹಾ ಕುಡಿಯಲು ಪೀಠ ಮಾಡಿಕೊಂಡ. ಅದು ಹೂತಿದ್ದ ಜಾಗದಲ್ಲಿ ಅಗೆದಾಗ ಬಿಳಿ ಗಟ್ಟಿಗಳು ಸಿಕ್ಕವು, ಒಂದೊಂದು ಮುಷ್ಟಿಗಾತ್ರ. ಹಿಂದೆ ಯಾರೋ ಮನೆ ಕಟ್ಟಲೆಂದು ತಂದು ಬಿಟ್ಟ ಸುಣ್ಣ ಇರಬೇಕು, ಗಿಡಕ್ಕೆ ಒಳ್ಳೆಯದು ಎಂದು ಅವನೇ ತೀರ್ಮಾನಿಸಿ, ಕುಟ್ಟಿ ಪುಡಿಮಾಡಿ ಬದನೆಯ ಪಾತಿಗೆ ಹಾಕಿದ. (ಕುಟ್ಟಿದ್ದು ನೀಲಾಬಾಯಿಯ ಶೇಂಗಾ ಚಟ್ನಿಯ ಒರಳಿನಲ್ಲಿ. ಈ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ, ಹೇಳುವವರು ಯಾರೂ ಇಲ್ಲ.)

ಬದನೆ ಬಂತು ನೋಡಿ. ಒಂದೊಂದು ಗಿಡ ಕಾಯಿಯ ಭಾರಕ್ಕೆ ನೆಲ ಹಿಡಿಯಿತು. ಕಾಯಿಗಳು ನೇರಳೆ ಬಣ್ಣಕ್ಕೆ ಮಿರಮಿರ ಮಿಂಚಿದವು. ಸಾಯಬಣ್ಣ ಬುಟ್ಟಿ ಹಿಡಿದು ಮನೆಮನೆಗೆ ಹಂಚಿದ. ಪೂನಮ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದಳು. ಆಚೆಮನೆಯ ಮುದುಕಿ ಗಂಗುಬಾಯಿ, ಹಲ್ಲಿಲ್ಲದಿದ್ದರೂ, ದಿನ ಬಿಟ್ಟು ದಿನ ಕೇಳಿ ಇಸಿದುಕೊಂಡಳು. ಒಂದು ಮಧ್ಯಾಹ್ನ ಎಣ್ಣೆಗಾಯಿ ಬಡಿಸುತ್ತ ನೀಲಾಬಾಯಿ, “ಕಾಯಿ ಚಲೋ ಅದಾವ” ಎಂದಳು. ನಲವತ್ತು ವರ್ಷದಲ್ಲಿ ಗಂಡನ ಕೈಯ ಕೆಲಸಕ್ಕೆ ಅವಳು ಅಂದ ಮೊದಲನೆಯ ಒಳ್ಳೆಯ ಮಾತು. ಸಾಯಬಣ್ಣ ಖಾರ ಹತ್ತಿತೆಂದು ಹೇಳಿ ಎದ್ದು ಹೋಗಿ ಕಣ್ಣು ತೊಳೆದುಕೊಂಡು ಬಂದ.

ಅಷ್ಟಕ್ಕೇ ಬಿಟ್ಟಿದ್ದರೆ ಅವನ ಪಾಡಿಗೆ ಅವನು ಸುಖವಾಗಿರುತ್ತಿದ್ದ. ಆದರೆ ಮಾರ್ಗಶಿರ ಬಂತು, ಎಳ್ಳಮಾವಾಸ್ಯೆ ಹತ್ತಿರವಾಯಿತು. ಸಾಯಬಣ್ಣ ಭಾವಮೈದುನನಿಗೆ ಫೋನು ಹಚ್ಚಿದ.

“ಹಣಮಂತಪ್ಪ, ಈ ಸಲ ನೀವೇ ಬರಬೇಕು. ಚರಗ ನಮ್ಮ ಹೊಲದಾಗ.”

“ಯಾರ ಹೊಲದಾಗ, ಮಾಮಾ?”

“ನಮ್ಮ ಹೊಲದಾಗ” ಎಂದ ಸಾಯಬಣ್ಣ. ಆ ಶಬ್ದ ಬಾಯಿಗೆ ಎಷ್ಟು ರುಚಿಯಾಗಿತ್ತೆಂದರೆ, ಫೋನು ಇಟ್ಟಮೇಲೂ ಇನ್ನೊಮ್ಮೆ ಅಂದುಕೊಂಡ.

ಹಣಮಂತಪ್ಪ ನಸುಕಿನಲ್ಲೇ ತನ್ನ ಹೊಲದ ಪೂಜೆ ಮುಗಿಸಿ ಮಧ್ಯಾಹ್ನಕ್ಕೆ ಬಂದ. ಓಣಿಯ ಮಂದಿಯೆಲ್ಲ ಪತ್ರಿ ಗಿಡದ ಸುತ್ತ ಪಂಕ್ತಿ ಹಿಡಿದು ಕೂತಿತ್ತು. ಸಜ್ಜೆ ರೊಟ್ಟಿ, ಭಜ್ಜಿಪಲ್ಯ, ಶೇಂಗಾ ಹೋಳಿಗೆ, ಗಡಿಗೆ ತುಂಬ ಅಂಬಲಿ, ಎಲ್ಲಕ್ಕೂ ಮಿಗಿಲಾಗಿ ಎಣ್ಣೆಗಾಯಿ. ನೀಲಾಬಾಯಿ ಇಳಕಲ್ಲ ಸೀರೆ ಉಟ್ಟು, ಸೆರಗು ಸಿಗಿಸಿ, ಹೊಲದ ಒಡತಿಯ ಗತ್ತಿನಲ್ಲಿ ಬಡಿಸುತ್ತಿದ್ದಳು. ಸಾಯಬಣ್ಣ ತನ್ನ ಚೌಕ ಕಲ್ಲಿನ ಮೇಲೆ ಭೂಪತಿಯಂತೆ ವಿರಾಜಮಾನನಾಗಿದ್ದ. ಹಣಮಂತಪ್ಪ ಮೂರನೆಯ ಬದನೆಕಾಯಿ ಮುಗಿಸಿ ತಲೆದೂಗಿದ.

“ಮಾಮಾ, ಸುಳ್ಳ ಯಾಕ ಹೇಳಲಿ, ನಮ್ಮ ಹೊಲದಾಗೂ ಇಂಥಾ ಕಾಯಿ ಬಂದಿಲ್ಲ. ಏನ ಗೊಬ್ಬರ ಹಾಕೀರಿ?”

ಈ ಪ್ರಶ್ನೆಗಾಗಿಯೇ ಸಾಯಬಣ್ಣ ನಲವತ್ತು ವರ್ಷ ಬದುಕಿದ್ದ. ಎದ್ದು ಹೋಗಿ, ಮೂಲೆಯಲ್ಲಿ ಕಾಯ್ದಿಟ್ಟಿದ್ದ ಬಿಳಿ ಗಟ್ಟಿಯೊಂದನ್ನು ತಂದು ಭಾವಮೈದುನನ ಕೈಗೆ ಕೊಟ್ಟ. “ಹಳೇ ಸುಣ್ಣ. ಇಲ್ಲೇ ಸಿಕ್ತು, ಈ ಕಲ್ಲಿನ ಬುಡಕ.”

ಹಣಮಂತಪ್ಪ ಅದನ್ನು ಹೆಬ್ಬೆರಳಿನಿಂದ ತಿಕ್ಕಿದ, ಮೂಸಿದ. ಅವನ ದವಡೆ ನಿಂತಿತು. ಕಲ್ಲು ನೋಡಿದ, ಪತ್ರಿ ಗಿಡ ನೋಡಿದ, ತಾನು ಕೂತ ನೆಲ ನೋಡಿದ. ಆಮೇಲೆ ಎದ್ದು ನಿಂತು ಪಕ್ಕದಲ್ಲಿ ಬಿಟ್ಟಿದ್ದ ಚಪ್ಪಲಿ ಎತ್ತಿ ದೂರ ಇಟ್ಟ.

“ಮಾಮಾ, ಇದು ಸುಣ್ಣ ಅಲ್ರಿ. ಇಬತ್ತಿ, ವಿಭೂತಿ. ಸತ್ತವ್ರನ್ನ ಮಣ್ಣ ಮಾಡುವಾಗ ಕುಣ್ಯಾಗ ಇಡ್ತಾರಲ್ಲ, ಆ ಇಬತ್ತಿ ಗಟ್ಟಿ. ನಮ್ಮ ಹೊಲದಾಗ ಅಜ್ಜಂದು, ಅಪ್ಪಂದು ಸಮಾಧಿ ಹಿಂಗೇ ಅದಾವ ನೋಡ್ರಿ, ಕಲ್ಲು, ಬಾಜೂಕ ಪತ್ರಿ ಗಿಡ. ವರ್ಷಾ ನಮಸ್ಕಾರ ಮಾಡ್ತೀರಲ್ಲ.”

ಪಂಕ್ತಿಯಲ್ಲಿ ಯಾರೂ ನುಂಗಲಿಲ್ಲ, ಉಗುಳಲೂ ಇಲ್ಲ. ಸೆರಗು ಬಾಯಿಗೆ ಹಿಡಿದು ಪೂನಮ ಮನೆಯ ಕಡೆ ಓಡಿದ ಸದ್ದಷ್ಟೇ ಕೇಳಿತು. ಸಾಯಬಣ್ಣ ಕಲ್ಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ತನ್ನ ಅಪ್ಪನ ಕುಣಿಯಲ್ಲಿ ಇಂಥದೇ ಗಟ್ಟಿಗಳನ್ನು ಅವನೇ ತನ್ನ ಕೈಯಾರೆ ಇಟ್ಟಿದ್ದ. ಅಂದು ಕಣ್ಣಲ್ಲಿ ನೀರು ತುಂಬಿ ಏನೂ ಸರಿಯಾಗಿ ಕಂಡಿರಲಿಲ್ಲ.

ಗಂಗುಬಾಯಿ ಮಾತ್ರ ಬೆರಳು ನೆಕ್ಕುತ್ತ, “ಹೌದ ನೋಡು, ಈಗ ನೆನಪಾತು” ಎಂದಳು. “ನಾ ಮದಿವ್ಯಾಗಿ ಬಂದಾಗ ಇದು ಊರ ಹೊರಗಿನ ಹೊಲ. ಜ್ವಾಳ ಇತ್ತು. ಹೊಲದ ಗೌಡ ಸತ್ತಾಗ ಇಲ್ಲೇ ಕೂಡಿಸಿ ಮಣ್ಣ ಕೊಟ್ರು. ಮಕ್ಕಳಿರಲಿಲ್ಲ ಅವಂಗ.”

“ಮೊದ್ಲ ಹೇಳಬಾರದೇನವ್ವಾ?” ಸಾಯಬಣ್ಣ ಅವಳ ಕಡೆ ತಿರುಗಿದ. “ಮನಿ ಮನಿಗೆ ಬಂದು ಕೇಳಿದ್ನಲ್ಲ.”

“ನೀ ಮಾಲಕ ಎಲ್ಲಿ ಅದಾನ ಅಂತ ಕೇಳಿದಿ. ಸತ್ತವರ ಸುದ್ದಿ ಎಲ್ಲಿ ಕೇಳಿದಿ? ಮಾಲಕ ಎಲ್ಲೂ ಹೋಗಿಲ್ಲ ತಗೊ, ನಿನ್ನ ಕಾಲ ಕೆಳಗೇ ಕುಂತಾನ.” ಹೀಗೆಂದು ಅವಳು ಇನ್ನೊಂದು ಬದನೆಕಾಯಿಗೆ ಕೈಚಾಚಿದಳು. “ಇಷ್ಟ ದಿವಸ ತಿಂದೇವಿ, ಇನ್ನೊಂದ ತಿಂದ್ರ ಏನಾಗ್ತದ.”

ಈಗ ನಗು ಏಳುತ್ತದೆ ಎಂದು ಸಾಯಬಣ್ಣ ತಲೆ ತಗ್ಗಿಸಿ ಕಾದ. ಕುಸುಬಿ ಹೋಗಿ ಈ ಕಥೆ ಬಂತು, ಇನ್ನು ಸಾಯುವತನಕ ಪ್ರತಿವರ್ಷ ಇದೇ ಎಂದುಕೊಂಡ. ಆದರೆ ಹಣಮಂತಪ್ಪ ನಗಲಿಲ್ಲ. ಚೌಕ ಕಲ್ಲನ್ನು ತಾನೇ ಎತ್ತಿ ಮೊದಲಿನ ಜಾಗದಲ್ಲಿ ಕೂಡಿಸಿದ, ನೀರು ಹಾಕಿ ತೊಳೆದ, ಪತ್ರಿ ಏರಿಸಿದ, ಕಾಯಿ ಒಡೆದ. ಅಂಬಲಿ, ಹೋಳಿಗೆ ಎಲ್ಲ ಸ್ವಲ್ಪಸ್ವಲ್ಪ ಎಡೆ ಹಿಡಿದ. ಆಮೇಲೆ ಸಾಯಬಣ್ಣನ ಎರಡೂ ಕೈ ಹಿಡಿದುಕೊಂಡ.

“ಮಾಮಾ, ಮಕ್ಕಳಿಲ್ದ ಮನಷ್ಯಾ, ಕಸದಾಗ ಕುಂತಿದ್ದ. ನೀವು ಕಸ ತೆಗದ್ರಿ, ದಿನಾ ನೀರ ಹಾಕಿದ್ರಿ. ಗೊತ್ತಿದ್ದು ಮಾಡಿದ್ರೇನು, ಗೊತ್ತಿಲ್ದ ಮಾಡಿದ್ರೇನು. ನೋಡಿಕೊಳ್ಳಾಂವನೇ ಮಾಲಕ. ಈ ಹೊಲ ನಿಮ್ಮದು.”

ಹಣಮಂತಪ್ಪ ತನ್ನ ಬಾಯಿಂದ ಹಾಗೆ ಹೇಳಿದ್ದು ಓಣಿಯೆಲ್ಲ ಕೇಳಿತು. ಸಾಯಬಣ್ಣನ ಎದೆ ಉಬ್ಬಿತು, ನಾಚಿಕೆಯ ಜೊತೆಗೇ ಉಬ್ಬಿತು, ಎರಡನ್ನೂ ಬೇರೆ ಮಾಡಲು ಅವನಿಂದಾಗಲಿಲ್ಲ. ಓಣಿಯ ಮಂದಿ ಬಂದು ಕಲ್ಲಿಗೆ ಕೈಮುಗಿದು ಮೆಲ್ಲಗೆ ಜಾಗ ಖಾಲಿ ಮಾಡಿದರು. ಗಂಗುಬಾಯಿ ಹೋಗುವಾಗ ಬೇಲಿಯ ಮೂಲೆಯನ್ನು ಕೋಲಿನಿಂದ ಬಡಿದು ನೋಡಿ, “ಇಲ್ಲಿ ಮಣ್ಣ ಮೆತ್ತಗದ. ನನಗ ಇಡು, ಬ್ಯಾರೇದವ್ರಿಗೆ ಕೊಡಬ್ಯಾಡ” ಎಂದಳು. ಊರೊಳಗೆ ಮಣ್ಣು ಮಾಡಲು ಪರವಾನಗಿ ಸಿಗುವುದಿಲ್ಲ ಎಂದು ಯೋಗಿರಾಜ ತಿಳಿಸಿ ಹೇಳಿದ. “ಸತ್ತ ಮ್ಯಾಲ ನನಗ ನೋಟೀಸ ಯಾರ ಕೊಡ್ತಾರ” ಎಂದು ಮುದುಕಿ ಹೊರಟಳು.

ಎಲ್ಲರೂ ಹೋದಮೇಲೆ ಗಂಡಹೆಂಡತಿ ಇಬ್ಬರೇ ಉಳಿದರು. ನೀಲಾಬಾಯಿ ಪಾತ್ರೆ ಒಟ್ಟುತ್ತಿದ್ದಳು. ಅವಳೂ ನಕ್ಕಿರಲಿಲ್ಲ. ಆ ಧೈರ್ಯದ ಮೇಲೆ ಸಾಯಬಣ್ಣ ಬಾಯಿ ತೆರೆದ.

“ಕೇಳಿದಿಲ್ಲೋ, ನಿನ್ನ ತಮ್ಮನೇ ಅಂದ, ಹೊಲ ನಮ್ಮದಂತ. ನಾಳಿ ಕಾಲ ಬಂದಾಗ ಇಲ್ಲೇ ಈ ಗಿಡದ ನೆಳ್ಳಾಗ, ನಾ ಒಂದ ಕಡೆ, ನೀ ಒಂದ ಕಡೆ...”

“ನಾ ಯಾಕ ಇಲ್ಲಿ?” ನೀಲಾಬಾಯಿ ತಲೆ ಎತ್ತಲಿಲ್ಲ. “ನಂದು ನಾಗಣಸೂರ ಹೊಲದಾಗ ಬಾವಿ ಬದುವಿನ ಮ್ಯಾಲ ಜಾಗಾ ಆಗೇತಿ. ನಮ್ಮಪ್ಪ ಇದ್ದಾಗನೇ ಹೇಳಿ ಇಟ್ಟಾನ.”

ಸಾಯಬಣ್ಣನಿಗೆ ಇದು ಹೊಸ ಸುದ್ದಿ. ಕೈಯಲ್ಲಿದ್ದ ಗಡಿಗೆಯನ್ನು ಕೆಳಗಿಟ್ಟ. “ಮತ್ತ ನಂದು?”

“ನಿಮ್ದೂ ಇತ್ತು, ನನ್ನ ಬಾಜೂಕ. ಈಗ ಹೊಂಟಾಗ ಹಣಮಂತ ಅಂದ, ಅಕ್ಕಾ, ಮಾಮಾಗ ಸ್ವಂತ ಹೊಲ ಆತಲ್ಲ, ಇನ್ನ ಅಲ್ಲೀದು ಖಾಲಿ ಬಿಟ್ಟು ಏನ ಮಾಡೂದು, ಆ ಜಾಗಾದಾಗ ಒಂದ ನುಗ್ಗಿ ಗಿಡ ಹಚ್ಚಿ ಬಿಡ್ತೀನಿ ಅಂತ.”

“ನೀ ಏನಂದಿ?”

“ಏನನ್ನಲಿ?” ನೀಲಾಬಾಯಿ ಪಾತ್ರೆಯ ಬುಟ್ಟಿ ಸೊಂಟಕ್ಕೇರಿಸಿಕೊಂಡು ಮನೆಯ ಕಡೆ ನಡೆದಳು. “ಹಚ್ಚಪಾ ಅಂದೆ. ನುಗ್ಗಿಕಾಯಿ ನನಗೂ ಸೇರ್ತಾವ.”