ಬಂಗುಡೆಗೆ ಹಚ್ಚಿದ ಮುಲಾಮು

ಕಿವಿರು ಎತ್ತಿ ನೋಡಿದರೆ ಸಾಕು, ಬಂಗುಡೆ ಇವತ್ತಿನದೋ ನಿನ್ನೆಯದೋ ಹೇಳಿಬಿಡುವವನು ನಾನು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ನನ್ನ ಮೀನಿನ ಮೇಲೆ ಒಂದು ದೂರು ಬಂದಿಲ್ಲ! ಕಳೆದ ಭಾನುವಾರ ಬೆಳಿಗ್ಗೆ ಹೆಂಡತಿ ಸುಗಂಧಿಯನ್ನೂ ಅದೇ ಕಣ್ಣಿನಿಂದ ಅಳೆದೆ: ಕಣ್ಣು ಹೊಳಪು, ನಾಲಿಗೆ ಬಲು ತಾಜಾ, ಸೊಂಟ ಮಾತ್ರ ಡ್ಯಾಮೇಜು.

“ಹ್ವಾಯ್, ಸೊಂಟ ಹಿಡ್ಕಂಡಿತ್. ತಲ್ಲೂರ್ ಪ್ಯಾಟಿಗೆ ಹೋಯಿ ಒಂದ್ ಟ್ಯೂಬ್ ಮುಲಾಮ್ ತಕಂಡ್ ಬನಿ. ಮಧ್ಯಾಹ್ನ ಶಂಕರನಾರಾಯಣದಿಂದ ಅಣ್ಣ ಊಟಕ್ಕ್ ಬತ್ತ.”

ಮುಲಾಮು! ಈ ಪದದ ಹುಟ್ಟೂರು ಯಾವುದು? ಫೋನ್ ತೆಗೆದೆ. ಮರಾಠಿಯಲ್ಲಿ ‘ಮಲಮ್’, ಅದರ ಹಿಂದೆ ಅರಬ್ಬಿಯ ‘ಮರ್ಹಮ್’, ಅದಕ್ಕೂ ಹಿಂದೆ ಗ್ರೀಕಿನ ‘ಮಾಲಗ್ಮ’. ಅರ್ಥ, ಮೆತ್ತಗೆ ಮಾಡುವಂಥದ್ದು.

“ಹೆಣೆ, ಗ್ರೀಸ್ ದೇಶದಿಂದ ಹೊರಟ ಶಬ್ದ ನಮ್ಮನಿ ಬಾಗ್ಲಿಗೆ ಬಂದಿತ್, ಗೊತ್ತಿತ್ತಾ?”

“ಶಬ್ದ ಬಂದಿತ್. ಟ್ಯೂಬ್ ಎಲ್ಲಿತ್?”

“ಟ್ಯೂಬ್ ಎಂತಕ್ಕೆ? ಅಸಲಿ ಮಾಲ್ ನಾನೇ ಮಾಡ್ತೆ!”

ಜೇನುಮೇಣ, ತೆಂಗಿನೆಣ್ಣೆ, ಕರ್ಪೂರ. ಕಾಸಿದ್ದಾಯಿತು, ಕದಡಿದ್ದಾಯಿತು; ಗಟ್ಟಿಯಾಗುವ ಲಕ್ಷಣವೇ ಇಲ್ಲ. ಗ್ರೀಕರಿಗೆ ತಾಳ್ಮೆ ಇದ್ದಿರಬಹುದು, ಮೀನು ವ್ಯಾಪಾರಿಗೆ ಐಸು ಇದೆ! ಬಟ್ಟಲನ್ನು ಸೀದಾ ಐಸ್ ಪೆಟ್ಟಿಗೆಯೊಳಗೆ, ಭಾವನಿಗೆಂದು ಆರಿಸಿಟ್ಟಿದ್ದ ಹನ್ನೆರಡು ಬಂಗುಡೆಗಳ ಮೇಲೆ ಪ್ರತಿಷ್ಠಾಪಿಸಿದೆ.

ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಬಟ್ಟಲು ಬೋರಲು! ಹನ್ನೆರಡೂ ಬಂಗುಡೆಗಳು ಮೈತುಂಬ ಮುಲಾಮು ಹಚ್ಚಿಕೊಂಡು ವಿಶ್ರಾಂತಿಯಲ್ಲಿದ್ದವು. ಕೆರೆದೆ, ತೊಳೆದೆ, ಮೀನನ್ನು ಅಡುಗೆಮನೆಗೆ ಒಪ್ಪಿಸಿದೆ. ಕೆರೆದು ಸಿಕ್ಕಿದ್ದನ್ನು ಸುಗಂಧಿಯ ಸೊಂಟಕ್ಕೆ ತಿಕ್ಕಿದೆ. ಎರಡರ ಬಗ್ಗೆಯೂ ಬಾಯಿ ಬಿಡಲಿಲ್ಲ. ಸಾರು ಕುದಿಯುವಾಗ ಬಂದ ಕರ್ಪೂರದ ಘಮವನ್ನು ಪಾಪ, ಅವಳು ತನ್ನ ಸೊಂಟದ್ದೇ ಅಂದುಕೊಂಡಳು.

ವಿಷಯ ಮೊದಲು ತಿಳಿದದ್ದು ಬೆಕ್ಕುಗಳಿಗೆ. ಅವಳು ಬಾವಿಕಟ್ಟೆಗೆ ಹೋದರೆ ಹಿಂದೆ ಮೂರು, ವಾಪಸು ಬರುವಾಗ ಐದು!

“ಇವಕ್ಕೆಂತ ಆಯ್ತ್ ಇವತ್ತ್? ನನ್ ಬೆನ್ನೇ ಬಿಡುದಿಲ್ಲ!”

“ನಿನ್ ಮೇಲೆ ಪ್ರೀತಿ” ಎಂದೆ.

ಊಟಕ್ಕೆ ಕೂತ ಮಂಜಯ್ಯ ಭಾವ ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಅಗಲವಾಯಿತು.

“ಹ್ವಾಯ್ ಭಾವ, ಈ ಬಂಗ್ಡಿಗೆ ಶೀತ ಆಯಿತ್ತಾ? ಎರಡ್ ದಿನದಿಂದ ಕಟ್ಟಿದ್ ನನ್ ಮೂಗ್ ಒಂದೇ ತುತ್ತಿಗೆ ಬಿಟ್ತ್ ಕಾಣಿ!”

ಇಪ್ಪತ್ತು ವರ್ಷದ ಮರ್ಯಾದೆ ಬಾಳೆಲೆಯ ಮೇಲೆ ಹೋಯಿತು! ಇಬ್ಬರ ಮುಂದೆಯೂ ಎಲ್ಲ ಒಪ್ಪಿಕೊಂಡೆ. ಸುಗಂಧಿ ಸೊಂಟದ ಮೇಲೆ ಕೈಯಿಟ್ಟು, ಬೆಕ್ಕುಗಳ ನಡುವೆ ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಮೆತ್ತಗ್ ಮಾಡುದ್ ಅಂದ್ರಿ ಅಲ್ದಾ? ಹೌದ್. ಸೊಂಟ ಹಾಂಗೇ ಇತ್ತ್, ನೀವ್ ಮೆತ್ತಗಾದ್ರಿ.”

ಪದದ ಹುಟ್ಟೂರು ಅವಳಿಗೆ ಬೇಡವಂತೆ. ನಾನು ಅವಳಿಗೆ ತಂದುಕೊಡಬೇಕಾದದ್ದು ಒಂದು ಟ್ಯೂಬ್ ಮುಲಾಮು.