ಸಕ್ಕರಿ ಒಲ್ಲೆ ಅಂದ ಹಿರೇಸೊಸಿ

ನಾ ಬಡಕಲು ಹೆಂಗಸು. ಬಡಕಲು ಮಂದಿಗೂ ರಕ್ತದಾಗ ಕೊಬ್ಬು ಏರತೈತಿ ಅಂದ್ರ ಈ ಹೈದರಾಬಾದಿನಾಗ ಒಬ್ರೂ ನಂಬಂಗಿಲ್ಲ. ಹಿಂಗಾಗಿ ನನಗ ದಿನಾ ಒಂದು ಜಗಳ ಇದ್ದದ್ದ.

೧. ಕಳ್ಳ ಸಿಕ್ಕ

ನಾರಾಯಣಗೂಡದ ಡಾಕ್ಟರಮ್ಮ ರಿಪೋರ್ಟ್ ನೋಡಿ, "ಟ್ರೈಗ್ಲಿಸರೈಡ್ ಅಂದ್ರ ರಕ್ತದಾಗಿನ ಕೊಬ್ಬು ಭಾಳ ಏರೇತಿ. ಹಿಂಗ ಬಿಟ್ರ ಹೊಟ್ಟಿಯೊಳಗಿನ ಗ್ರಂಥಿ ಬಾತು ದವಾಖಾನಿ ಸೇರ್ತೀರಿ. ಮೂರು ತಿಂಗಳು ಪಥ್ಯ ಮಾಡ್ರಿ" ಅಂದ್ರು.

"ಎಣ್ಣಿ, ತುಪ್ಪ ಬಿಟ್ಟು ಆರು ತಿಂಗಳಾತ್ರಿ!" ಅಂದೆ ಸಿಟ್ಟಿಲೆ.

"ಮತ್ತೇನು ತಿಂತೀರಿ?"

"ಬರೇ ಅನ್ನರಿ. ಹೊಟ್ಟಿ ತುಂಬಂಗಿಲ್ಲಂತ ಎರಡೆರಡು ಸಲ. ಬಾಯಿ ಸಪ್ಪಗಾದ್ರ ಬೆಲ್ಲ."

"ಹೆಚ್ಚಾದ ಅನ್ನ, ಬೆಲ್ಲಾನ ಲಿವರ್ ಕೊಬ್ಬು ಮಾಡಿ ರಕ್ತಕ್ಕ ಬಿಡತೈತಿ, ತಾಯಿ!"

ಆರು ತಿಂಗಳು ಬರೇ ತುಪ್ಪಕ್ಕ ಶಿಕ್ಷಾ ಕೊಟ್ಟಿದ್ದೆ. ಕಳ್ಳ ಅನ್ನದ ಡಬರಿಯೊಳಗ ಕುಂತಿದ್ದ.

೨. ಬಾಜೂ ಮನಿಯಾಕಿ

ಮಣಿಕೊಂಡದಾಗ ನಮ್ಮ ಬಾಜೂ ಮನಿಯಾಕಿ ಖುಬಾನಿ ಕಾ ಮೀಠಾ ಅನ್ನೂ ಸಿಹಿ ತಂದ್ಲು. ಒಲ್ಲೆ ಅಂದೆ.

"ಇದು ಹಣ್ಣಿಂದು, ತಿನ್ನು."

"ಹಂಗಾರ ಸಕ್ಕರಿ ಕಬ್ಬಿಂದು, ಅದನ್ನೂ ಪಲ್ಯಾ ಮಾಡೂಣೇನು?"

ಆಕಿ ದನಿ ಇಳಿಸಿ, "ಅತ್ತಿ ಹೊಟ್ಟಿಗಿ ಹಾಕಂಗಿಲ್ಲೇನು? ಖರೇ ಹೇಳು" ಅಂದ್ಲು.

ಒಳಗಿದ್ದ ಅತ್ತಿಯವರಿಗೆ ಕೇಳಿಸಿಬಿಡ್ತು. ಹೊರಗ ಬಂದವರೇ, "ಮೂರು ತಿಂಗಳಾತು, ನಮಗೂ ಅನ್ನ ಅಳದು ಕೊಡಾಕತ್ತಾಳ. ಯಾರ ಕಾಟ ಯಾರಿಗೈತಿ ನೀನ ಹೇಳು!" ಅಂದು ಬಟ್ಟಲ ಕಸಗೊಂಡು ಒಳಗ ಹ್ವಾದ್ರು.

೩. ನಿಶ್ಚಯ

ಮೈದುನನ ನಿಶ್ಚಯ ಕಾಚಿಗೂಡದಾಗ ಹುಡುಗಿ ಮನಿಯೊಳಗ. ನಮ್ಮ ಕಡೆ ಸಕ್ಕರಿ ಬಾಯಿಗೆ ಬಿದ್ರನ ಸಂಬಂಧ ಪಕ್ಕಾ. ಮರುದಿನ ಮುಂಜಾನೆ ನನ್ನ ರಕ್ತಪರೀಕ್ಷಾ ಇತ್ತು. ಹಿರೇಸೊಸಿ ಅಂತ ಮೊದಲ ನನ್ನ ಕಡೆ ಬಂದ್ರು. ಒಬ್ಬಾಕಿ ಕೈಯಾಗ ಸಕ್ಕರಿ, ಹಿಂದ ಎಂಟು ಮಂದಿ ಪೇಡೆ ಹಿಡಕೊಂಡು ಪಾಳಿ ಹಚ್ಚಿದ್ರು.

"ಒಲ್ಲೆರಿ" ಅಂದೆ.

ಹುಡುಗಿ ಅಪ್ಪ ಕೈ ಮುಗಿದು, "ನಮ್ಮಿಂದ ಏನರ ತಪ್ಪಾತೇನ್ರಿ ಅಕ್ಕಾರ?" ಅಂದ್ರು. ಅತ್ತಿ ಚೂಟಿದ್ರು. ಮೈದುನ ಅಳೂದೊಂದು ಬಾಕಿ. "ವೈನಿ, ತಿನ್ರಿ! ನನ್ನ ಲಗ್ನರಿ!"

"ಲಗ್ನ ನಿಂದು, ಹೊಟ್ಟಿ ನಂದು" ಅಂತ ಎದ್ದು ನಿಂತೆ. "ಕೇಳ್ರಿ ಎಲ್ಲಾರೂ! ಹುಡುಗಿ ಬಂಗಾರದಂಥಾಕಿ, ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಟ್ರೈಗ್ಲಿಸರೈಡ್ ಐತಿ! ನಾ ದವಾಖಾನಿ ಸೇರಿದ್ರ ನಿಮ್ಮ ಪೇಡೆ ಬಂದು ಬಾಜೂಕ ಕೂಡಂಗಿಲ್ಲ!"

ಹುಡುಗಿ ಅಪ್ಪನ ಮುಗಿದ ಕೈ ಕೆಳಗಿಳೀತು. "ನನಗೂ ಐತ್ರಿ" ಅಂದ್ರು ಸಣ್ಣಗ. "ನನಗೂ" ಅಂದ ಹುಡುಗಿ ಸೋದರಮಾವ. ಪಾಳಿಯೊಳಗಿನ ಮೂವರು ಪೇಡೆ ತಟ್ಟಿಗಿಟ್ರು. ಯಾರಿಗೆ ಎಷ್ಟೈತಿ, ಯಾವ ಗುಳಿಗಿ ಅಂತ ಎರಡೂ ಕಡೆಯವರು ಮಂಡಿಗೆ ಮಂಡಿ ಹಚ್ಚಿ ಕುಂತು ಮಾತಿಗೆ ಬಿದ್ರು.

ಮುಹೂರ್ತ ಮೀರೂದು ನೋಡಿ ಭಟ್ಟರು ಪಂಚಾಂಗ ಮುಚ್ಚಿದ್ರು. "ಜಾತಕದಾಗ ಒಂದೆರಡು ಗುಣ ಕೂಡಿರಲಿಲ್ಲ. ರಕ್ತ ಪೂರಾ ಕೂಡೇತಿ. ಸಕ್ಕರಿ ಇಲ್ಲದನ ಸಂಬಂಧ ಪಕ್ಕಾ, ಏಳ್ರಿ!"